ಮಳೆಯ ಲೆಕ್ಕ, ಹೊಳೆಯ ಪಾಲು

ಬೆಳಗಾವಿಯಿಂದ ಬಾಗಲಕೋಟೆಯ ಮಾರ್ಗವಾಗಿ ಪೂರ್ವಕ್ಕೆ ಸುಮಾರು ಹತ್ತು ಕಿಲೋಮೀಟರು ಸಾಗಿದರೆ ಸಾಂಬ್ರಾ ಗ್ರಾಮ ದೊರೆಯುತ್ತದೆ. ಹೊರಗಿನವರು ಈ ಊರನ್ನು ಬಲ್ಲುದು ಅಲ್ಲಿಯ ವಿಮಾನ ನಿಲ್ದಾಣದಿಂದ. ಎರಡನೆಯ ಮಹಾಯುದ್ಧದ ಸಮಯದಲ್ಲಿ, 1942ರಲ್ಲಿ, ಅದು ನಿರ್ಮಾಣವಾಯಿತು; ಮುಂದೆ ವಾಯುಸೇನೆಯ ತರಬೇತಿ ಶಾಲೆಯೂ ಅಲ್ಲಿ ನೆಲೆಗೊಂಡಿತು. ವಿಮಾನಗಳು ಏರಿ ಇಳಿಯುವ ಕಡೆ ಗಾಳಿ, ಮೋಡ, ಮಳೆಗಳ ಸುದ್ದಿ ಗಳಿಗೆಗಳಿಗೆಗೂ ಬೇಕು. ಆದುದರಿಂದ ಹವಾಮಾನ ಇಲಾಖೆಯ ಪಟ್ಟಿಯಲ್ಲಿ ‘ಬೆಳಗಾವಿ’ ಎಂಬ ಕೇಂದ್ರದ ಜೊತೆಗೆ ‘ಬೆಳಗಾವಿ (ಸಾಂಬ್ರಾ)’ ಎಂಬ ಇನ್ನೊಂದು ಕೇಂದ್ರವೂ ಬೇರೆಯಾಗಿಯೇ ಕಾಣುತ್ತದೆ. ಬೇಲಿಯ ಒಳಗೆ ಮಳೆ ಮಿಲಿಮೀಟರಿನ ಲೆಕ್ಕದಲ್ಲಿ ಬೀಳುತ್ತದೆ. ಬೇಲಿಯ ಹೊರಗೆ, ಭತ್ತದ ಗದ್ದೆಯ ಬದುವಿನ ಮೇಲೆ ನಿಂತ ರೈತ ಅದೇ ಮಳೆಯನ್ನು ಮಿರಗ, ಆರಿದ್ರ, ಪುಷ್ಯ, ಆಶ್ಲೇಷಗಳ ಹೆಸರಿನಿಂದ ಕರೆಯುತ್ತಾನೆ. ಮಣ್ಣು ಅಗೆದು ನೋಡಿ, ಮೇಲಿನ ಹಸಿ ಕೆಳಗಿನ ಹಸಿಯನ್ನು ಕೂಡಿತೇ ಇಲ್ಲವೇ ಎಂದು ಅಳೆಯುತ್ತಾನೆ. ಎರಡೂ ಲೆಕ್ಕಗಳು ಸರಿಯಾದವೇ. ಆದರೆ ಅವು ಒಂದನ್ನೊಂದು ಅರಿಯವು. ಒಂದು ಬರೆದಿಡಲ್ಪಡುತ್ತದೆ, ಇನ್ನೊಂದು ಆ ವರ್ಷದ ಸುಗ್ಗಿಯೊಡನೆ ಮರೆತುಹೋಗುತ್ತದೆ. ಹಲವು ನಾಡುಗಳು ಹಂಚಿಕೊಳ್ಳುವ ಹೊಳೆಯ ವಿಷಯದಲ್ಲಿ ಈ ಭೇದದಿಂದ ಏನಾಯಿತೆಂಬುದನ್ನು ಇತಿಹಾಸದ ಬೆಳಕಿನಲ್ಲಿ ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಮೊದಲು ನಮ್ಮ ಭಾಗದ ನೀರು ಎಲ್ಲಿಗೆ ಹೋಗುತ್ತದೆಂಬುದನ್ನು ನೋಡೋಣ. ಬೆಳಗಾವಿ ನಗರದ ದಕ್ಷಿಣದ ಹೊಲಗಳಿಂದ ಹೊರಟ ಬಳ್ಳಾರಿ ನಾಲಾ ಪೂರ್ವಾಭಿಮುಖವಾಗಿ ಹರಿದು ಮಾರ್ಕಂಡೇಯ ಹೊಳೆಯನ್ನು ಸೇರುತ್ತದೆ; ಮಾರ್ಕಂಡೇಯ ಗೋಕಾಕದ ಸಮೀಪ ಘಟಪ್ರಭೆಯನ್ನೂ, ಘಟಪ್ರಭೆ ಮುಂದೆ ಕೃಷ್ಣೆಯನ್ನೂ ಕೂಡುತ್ತವೆ. ಖಾನಾಪುರ ತಾಲೂಕಿನ ಸ್ಥಿತಿ ಇನ್ನೂ ವಿಲಕ್ಷಣವಾದುದು. ಅಲ್ಲಿಯ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಪೂರ್ವಕ್ಕೆ ಹರಿಯುತ್ತದೆ; ಅದೇ ತಾಲೂಕಿನ ದೇಗಾಂವದಲ್ಲಿ ಹುಟ್ಟಿದ ಮಹದಾಯಿ ಪಶ್ಚಿಮಕ್ಕೆ ಇಳಿದು ಗೋವೆಯಲ್ಲಿ ಮಾಂಡವಿಯೆಂಬ ಹೆಸರಿನಿಂದ ಸಮುದ್ರವನ್ನು ಸೇರುತ್ತದೆ. ಒಂದೇ ಮೋಡದ ಹನಿ, ಗುಡ್ಡದ ಯಾವ ಮಗ್ಗುಲಿಗೆ ಬಿದ್ದಿತೆಂಬುದರ ಮೇಲೆ, ಬಂಗಾಲ ಕೊಲ್ಲಿಯದೋ ಅರಬ್ಬೀ ಸಮುದ್ರದ್ದೋ ಆಗುತ್ತದೆ. ಮಲಪ್ರಭೆ ಕೃಷ್ಣೆಯನ್ನು ಕೂಡುವ ಕ್ಷೇತ್ರವನ್ನು ಈ ಪತ್ರಿಕೆಯ ವಾಚಕರಿಗೆ ಪರಿಚಯಿಸಬೇಕಾಗಿಲ್ಲ. ಕೂಡಲಸಂಗಮದ ಐಕ್ಯಮಂಟಪವು ಇಂದು ನಾರಾಯಣಪುರ ಜಲಾಶಯದ ಹಿನ್ನೀರಿನ ನಡುವೆ, ಬಾವಿಯಂತೆ ಕಟ್ಟಿದ ಗೋಡೆಯ ಒಳಗೆ ಇದೆ. ಮೆಟ್ಟಿಲುಗಳನ್ನಿಳಿದು ದರ್ಶನ ಪಡೆಯುವ ಭಕ್ತನ ತಲೆಗಿಂತ ಎತ್ತರದಲ್ಲಿ, ಗೋಡೆಯ ಆಚೆ, ಖಾನಾಪುರದ ಮಳೆ ನಿಂತಿರುತ್ತದೆ ಎಂದರೆ ಅತಿಶಯೋಕ್ತಿಯಾಗಲಾರದು.

ಮಳೆಯನ್ನು ಅಳೆಯುವ ವಿದ್ಯೆ ನಮ್ಮ ದೇಶಕ್ಕೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರವು ಕೋಷ್ಠಾಗಾರದಲ್ಲಿ ಒಂದು ಅರತ್ನಿ ಬಾಯಗಲದ ಕುಂಡವನ್ನು ವರ್ಷಮಾನಕ್ಕಾಗಿ ಇಡಬೇಕೆಂದು ವಿಧಿಸಿದೆ. ಜಾಂಗಲ ದೇಶಕ್ಕೆ ಹದಿನಾರು ದ್ರೋಣ, ಅಶ್ಮಕಕ್ಕೆ ಹದಿಮೂರೂವರೆ, ಅವಂತಿಗೆ ಇಪ್ಪತ್ತಮೂರು ಎಂದು ಪ್ರದೇಶವಾರು ಮಳೆಯ ಪ್ರಮಾಣವನ್ನೂ ಹೇಳಿ, ಅದಕ್ಕೆ ತಕ್ಕಂತೆ ಬಿತ್ತನೆ ಮಾಡಿಸಬೇಕೆಂದು ಕೃಷಿಯ ಅಧ್ಯಕ್ಷನಿಗೆ ಸೂಚಿಸಿದೆ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿಯೂ ಮಳೆಯನ್ನು ಪಾತ್ರೆಯಿಂದ ಅಳೆಯುವ ಕ್ರಮ ಬಂದಿದೆ. ಆದರೆ ಕೌಟಿಲ್ಯನ ಕುಂಡ ಇದ್ದ ಸ್ಥಳವನ್ನು ಗಮನಿಸಬೇಕು. ಅದು ಅರಸನ ಉಗ್ರಾಣದಲ್ಲಿತ್ತು. ಅಳತೆಯ ಪ್ರಯೋಜನ ಕಂದಾಯಕ್ಕೆ ಮೊದಲು, ಒಕ್ಕಲಿಗನಿಗೆ ಆಮೇಲೆ. ಕೊರಿಯಾ ದೇಶದ ಸೇಜೋಂಗ್ ಎಂಬ ಅರಸನ ಆಳ್ವಿಕೆಯಲ್ಲಿ, 1441ರ ಸುಮಾರಿಗೆ, ಲೋಹದ ಮಳೆಮಾಪಕಗಳನ್ನು ಮಾಡಿಸಿ ಊರೂರಿಗೆ ಕಳುಹಿಸಿದಾಗಲೂ ಲೆಕ್ಕ ಮರಳಿ ಬಂದದ್ದು ಅರಮನೆಗೇ.

ಇದರೊಡನೆ ಇನ್ನೊಂದು ಪರಂಪರೆಯೂ ನಡೆದು ಬಂದಿತು. ಕನ್ನಡ ನಾಡಿನ ಕೆರೆಗಳ ಶಾಸನಗಳಲ್ಲಿ ಕೆರೆಯ ರಕ್ಷಣೆಗೆ ಬಿಟ್ಟ ಬಿತ್ತುವಟ್ಟ, ಕಟ್ಟುಗೊಡಗೆಗಳ ಉಲ್ಲೇಖ ಹೇರಳವಾಗಿದೆ. ದಕ್ಷಿಣದ ಕೆರೆಸೀಮೆಯಲ್ಲಿ ನೀರಗಂಟಿಯು ತೂಬಿನ ಮಟ್ಟ ನೋಡಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು ನಿರ್ಧರಿಸುತ್ತಿದ್ದನು. ಸೊನ್ನಲಿಗೆಯ ಸಿದ್ಧರಾಮೇಶ್ವರರು ಹನ್ನೆರಡನೆಯ ಶತಮಾನದಲ್ಲಿ ಭಕ್ತಸಮೂಹದೊಡನೆ ಕೆರೆಯನ್ನು ಕಟ್ಟಿಸಿದ ಕಾಯಕವಂತೂ ಜನಜನಿತವಾದುದು. ಕೆರೆಯ ಲೆಕ್ಕ ಊರಿನದಾಗಿತ್ತು. ಏಕೆಂದರೆ ಕೆರೆಯೂ ಊರಿನದೇ. ಹೊಳೆಯ ಮಾತು ಬೇರೆ. ಮೇಲಿನ ಊರಿಗೆ ಕೆಳಗಿನ ಊರು ಕಾಣದು; ಕೆಳಗಿನವರಿಗೆ ಮೇಲೆ ಎಷ್ಟು ಮಳೆಯಾಯಿತೆಂದು ತಿಳಿಯದು. ಆ ತಿಳಿವಳಿಕೆಯನ್ನು ಕೂಡಿಸುವ ಕೆಲಸ ಕಾಲಕ್ರಮದಲ್ಲಿ ಸರಕಾರದ ಪಾಲಾಯಿತು.

ಈ ಸಂದರ್ಭದಲ್ಲಿ ಇಂಗ್ಲೆಂಡಿನ ಒಂದು ಸಂಗತಿಯನ್ನು ನೆನೆಯುವುದು ಅಗತ್ಯ. ಜಿ. ಜೆ. ಸೈಮನ್ಸ್ ಎಂಬಾತ 1860ರಲ್ಲಿ ಮಳೆಯ ಅಳತೆಯನ್ನು ಕೂಡಿಹಾಕುವ ಒಂದು ಉದ್ಯಮವನ್ನು ಆರಂಭಿಸಿದನು. ಮೊದಲ ವರ್ಷ ಆತನಿಗೆ ಲೆಕ್ಕ ದೊರೆತದ್ದು 168 ಸ್ಥಳಗಳಿಂದ. 1900ರಲ್ಲಿ ಆತ ತೀರಿಕೊಳ್ಳುವ ಹೊತ್ತಿಗೆ ವೀಕ್ಷಕರ ಸಂಖ್ಯೆ ಮೂರು ಸಾವಿರವನ್ನು ಮೀರಿದ್ದಿತು. ಇವರಲ್ಲಿ ಸಂಬಳಕ್ಕಾಗಿ ದುಡಿದವರು ವಿರಳ. ಪಾದ್ರಿಗಳು, ವೈದ್ಯರು, ಜಮೀನುದಾರರು, ತೋಟದ ಮಾಲಿಗಳು ಬೆಳಗ್ಗೆ ಎದ್ದು ತಮ್ಮ ಹಿತ್ತಲಿನ ಮಾಪಕವನ್ನು ನೋಡಿ ಬರೆದಿಟ್ಟು ಅಂಚೆಗೆ ಹಾಕುತ್ತಿದ್ದರು. ಸೈಮನ್ಸ್ ಆ ಲೆಕ್ಕಗಳನ್ನು ವರ್ಷಕ್ಕೊಮ್ಮೆ ಅಚ್ಚು ಹಾಕಿಸಿ ಬರೆದವರಿಗೇ ಹಿಂದಿರುಗಿಸುತ್ತಿದ್ದನು. 1919ರಲ್ಲಿ ಈ ಸಂಸ್ಥೆ ಅಲ್ಲಿಯ ಹವಾಮಾನ ಇಲಾಖೆಯಲ್ಲಿ ವಿಲೀನವಾಯಿತು. ಆತನ ಹೆಸರಿನ ಮಳೆಮಾಪಕ, ಐದಂಗುಲ ಬಾಯಗಲದ ಕೊಳವೆ, ನಮ್ಮ ದೇಶಕ್ಕೂ ಬಂದು ತಾಲೂಕು ಕಚೇರಿಗಳ ಅಂಗಳದಲ್ಲಿ ನಿಂತಿತು. ನಮ್ಮ ದೇಶದ ಹವಾಮಾನ ಇಲಾಖೆ ಸ್ಥಾಪನೆಯಾದುದು 1875ರಲ್ಲಿ. 1884ರಲ್ಲಿ ಪ್ರಕಟವಾದ ಮುಂಬಯಿ ಇಲಾಖೆಯ ಬೆಳಗಾವಿ ಜಿಲ್ಲಾ ಗ್ಯಾಸೆಟಿಯರನ್ನು ತೆರೆದರೆ ಜಿಲ್ಲೆಯ ಮಳೆಯ ಅಂಕಿಗಳು ಕಣ್ಣಿಗೆ ಬೀಳುತ್ತವೆ.

ಇಲ್ಲಿಯೇ ಇತಿಹಾಸದ ವಿಪರ್ಯಾಸ. ಅಲ್ಲಿ ಜನರ ಕೈಯಲ್ಲಿದ್ದ ಉಪಕರಣ ಇಲ್ಲಿಗೆ ಬಂದಾಗ ಮಾಮಲೇದಾರ ಕಚೇರಿಯ ಸೊತ್ತಾಯಿತು. ಗುಮಾಸ್ತ ಬೆಳಗ್ಗೆ ಅಳೆದನು, ತಖ್ತೆ ತುಂಬಿದನು, ತಖ್ತೆ ಜಿಲ್ಲೆಗೆ, ಅಲ್ಲಿಂದ ಪುಣೆಗೆ ಹೋಯಿತು. ಊರಿಗೆ ಮರಳಿ ಬಂದದ್ದು ಆಣೆವಾರಿಯ ನಿರ್ಣಯ ಮಾತ್ರ: ಬೆಳೆ ಎಷ್ಟು ಆಣೆ ಬಂದಿತು, ಕಂದಾಯದಲ್ಲಿ ಸೂಟು ಸಿಕ್ಕೀತೇ ಇಲ್ಲವೇ. ಮೇಲಾಗಿ ಒಂದು ತಾಲೂಕಿಗೆ ಒಂದು ಮಾಪಕವೆಂದರೆ ಖಾನಾಪುರದಂತಹ ತಾಲೂಕಿನಲ್ಲಿ ಏನಾಗಬಹುದೆಂಬುದನ್ನು ಊಹಿಸಿಕೊಳ್ಳಬಹುದು. ಪಟ್ಟಣದ ಮಳೆಗೂ ಘಟ್ಟದ ಅಂಚಿನ ಕಣಕುಂಬಿಯ ಮಳೆಗೂ ಸುಮಾರು ಇಮ್ಮಡಿಯ ಅಂತರವಿದೆ. ಅದೇ ತಾಲೂಕಿನ ಆಮಗಾಂವ ಎಂಬ ಕಾಡಂಚಿನ ಪುಟ್ಟ ಊರಿನಲ್ಲಿ 2010ರಲ್ಲಿ ಬಿದ್ದ ಮಳೆ 10,000 ಮಿಲಿಮೀಟರನ್ನು ಮೀರಿದ ಲೆಕ್ಕ ಪ್ರಕಟವಾದಾಗ, ಆಗುಂಬೆಯನ್ನೇ ರಾಜ್ಯದ ಚಿರಾಪುಂಜಿಯೆಂದು ಪಾಠ ಹೇಳಿದ ನಮ್ಮ ಶಿಕ್ಷಕ ಮಿತ್ರರು ಅಚ್ಚರಿಗೊಂಡರು. ಆಮಗಾಂವದಲ್ಲಿ ಮಳೆ ಅಂದೇ ಹೊಸದಾಗಿ ಹುಟ್ಟಿದ್ದಲ್ಲ. ಹೊಸದಾಗಿ ಬಂದದ್ದು ಅದರ ಸುದ್ದಿ.

ಲೆಕ್ಕವಿಲ್ಲದಿದ್ದರೆ ಏನು ನಷ್ಟ ಎಂದು ಕೇಳುವವರಿದ್ದಾರೆ. ಕೃಷ್ಣೆಯ ನೀರು ಹಂಚಿಕೆಯಾದ ಬಗೆಯನ್ನು ನೋಡಿದರೆ ಉತ್ತರ ದೊರೆಯುತ್ತದೆ. 1969ರ ಏಪ್ರಿಲ್ 10ರಂದು ನ್ಯಾಯಮೂರ್ತಿ ಆರ್. ಎಸ್. ಬಚಾವತ್ ಅವರ ಅಧ್ಯಕ್ಷತೆಯಲ್ಲಿ ನ್ಯಾಯಮಂಡಲಿ ರಚನೆಯಾಯಿತು. 1973ರ ಡಿಸೆಂಬರ್ 24ರಂದು ಅದರ ವರದಿ ಹೊರಬಿದ್ದಿತು. ಹೊಳೆಯಲ್ಲಿ ಒಟ್ಟು ನೀರೆಷ್ಟು ಎಂಬುದು ಅದರ ಎದುರಿನ ಮೊದಲ ಪ್ರಶ್ನೆ. ಉತ್ತರ ಸಿಕ್ಕಿದ್ದು ಹೊಳೆಯ ಬಾಲದಲ್ಲಿ, ವಿಜಯವಾಡದ ಅಣೆಕಟ್ಟಿನ ದಫ್ತರದಲ್ಲಿ. ಅಲ್ಲಿ 1894-95ರಿಂದ 1971-72ರ ವರೆಗೆ, ಅಂದರೆ 78 ವರ್ಷಗಳ ಕಾಲ, ನೀರಿನ ಮಟ್ಟದ ಲೆಕ್ಕ ನಿರಂತರವಾಗಿ ಉಳಿದುಬಂದಿದ್ದಿತು. ಆ ಲೆಕ್ಕದಿಂದ, ನೂರು ವರ್ಷಗಳಲ್ಲಿ ಎಪ್ಪತ್ತೈದು ವರ್ಷ ಖಂಡಿತವಾಗಿ ದೊರೆಯಬಹುದಾದ ನೀರು 2,060 ಟಿ.ಎಂ.ಸಿ. ಎಂದು ನಿಶ್ಚಯಿಸಿ, ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800 ಎಂದು ಹಂಚಲಾಯಿತು. ದಿನವೂ ನದಿಯ ದಂಡೆಗೆ ಹೋಗಿ ಕಂಬದ ಮೇಲಿನ ಗೆರೆ ನೋಡಿ ಬರೆದ ಆ ಕೆಳದರ್ಜೆಯ ನೌಕರರ ಹೆಸರು ಯಾವ ತೀರ್ಪಿನಲ್ಲಿಯೂ ಇಲ್ಲ. ಮೂರು ರಾಜ್ಯಗಳ ಕಾಲುವೆಗಳು ಅವರ ಬರವಣಿಗೆಯ ಮೇಲೆ ನಿಂತಿವೆ.

ಎರಡನೆಯ ನ್ಯಾಯಮಂಡಲಿ 2004ರಲ್ಲಿ ರಚಿತವಾಗಿ, ನ್ಯಾಯಮೂರ್ತಿ ಬ್ರಿಜೇಶ್ ಕುಮಾರ್ ಅವರ ಅಧ್ಯಕ್ಷತೆಯಲ್ಲಿ 2010ರ ಡಿಸೆಂಬರ್ 30ರಂದು ತೀರ್ಪಿತ್ತಿತು. ಅದು ಹಿಡಿದದ್ದು 1961-62ರಿಂದ 2007-08ರ ವರೆಗಿನ 47 ವರ್ಷಗಳ ಲೆಕ್ಕವನ್ನು. ಅದೇ ಹೊಳೆ, ಅದೇ ಎಪ್ಪತ್ತೈದರ ನಿಯಮ. ಆದರೆ ಈಗ ಬಂದ ಮೊತ್ತ 2,173 ಟಿ.ಎಂ.ಸಿ. ಲೆಕ್ಕದ ಅವಧಿ ಬದಲಾದುದರಿಂದ 113 ಟಿ.ಎಂ.ಸಿ.ಯ ವ್ಯತ್ಯಾಸ ಉಂಟಾಯಿತು. ಇದು ಎಷ್ಟು ದೊಡ್ಡ ಮೊತ್ತ? ನವಿಲುತೀರ್ಥದ ರೇಣುಕಾಸಾಗರ ತುಂಬಿದರೆ ಹಿಡಿಯುವುದು ಸುಮಾರು 37 ಟಿ.ಎಂ.ಸಿ., ಹಿಡಕಲ್ ಜಲಾಶಯ ಸುಮಾರು 51. ನಮ್ಮ ಜಿಲ್ಲೆಯ ಈ ಎರಡೂ ಮಹಾಜಲಾಶಯಗಳನ್ನು ಕೂಡಿಸಿದರೂ ಆ ವ್ಯತ್ಯಾಸಕ್ಕೆ ಸಮವಾಗುವುದಿಲ್ಲ. ಅಂಕಿಗಳನ್ನು ಕೇವಲ ಇಂಜಿನಿಯರರ ವಿಷಯವೆಂದು ತಳ್ಳಿಬಿಡುವವರು ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡಬೇಕು.

ಮಹದಾಯಿಯ ವಿಷಯದಲ್ಲಂತೂ ಕೊರತೆ ಇನ್ನೂ ಎದ್ದು ಕಾಣುತ್ತದೆ. ಆ ಹೊಳೆಗೆ ವಿಜಯವಾಡದಂತಹ ದೀರ್ಘ ದಫ್ತರವಿರಲಿಲ್ಲ. ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವಿರುವುದು ಗೋವೆಯ ಗಂಜಿಮ್ ಎಂಬಲ್ಲಿ. 2010ರ ನವೆಂಬರಿನಲ್ಲಿ ರಚಿತವಾದ ನ್ಯಾಯಮಂಡಲಿಯ ಮುಂದೆ ರಾಜ್ಯಗಳು ತಂತಮ್ಮ ತಜ್ಞರನ್ನು ಕರೆತಂದು, ಒಂದೇ ಹೊಳೆಗೆ ಬೇರೆ ಬೇರೆ ಮೊತ್ತಗಳನ್ನು ವಾದಿಸಿದವು. 2018ರ ಆಗಸ್ಟ್ 14ರ ತೀರ್ಪು ದೊರೆಯಬಹುದಾದ ನೀರನ್ನು 188.06 ಟಿ.ಎಂ.ಸಿ. ಎಂದು ನಿಗದಿಪಡಿಸಿ, ಕರ್ನಾಟಕಕ್ಕೆ 13.42 ಟಿ.ಎಂ.ಸಿ.ಯನ್ನು ನೀಡಿತು, ಅದರಲ್ಲಿ 8.02 ವಿದ್ಯುತ್ ಉತ್ಪಾದನೆಗೆ ಮೀಸಲು. ನರಗುಂದ, ನವಲಗುಂದಗಳ ರೈತರು ವರ್ಷಗಟ್ಟಲೆ ಧರಣಿ ಕೂತ ವಿಷಯವಿದು. ಘಟ್ಟದ ಕಾಡು ಬತ್ತೀತೆಂದು ಖಾನಾಪುರದ ಹಲವರು ಚಿಂತಿಸಿದ ವಿಷಯವೂ ಹೌದು. ಈ ಎರಡು ಪಕ್ಷಗಳಲ್ಲಿ ಯಾರದು ಸರಿಯೆಂದು ತೀರ್ಮಾನಿಸುವುದು ಪ್ರಸ್ತುತ ಲೇಖನದ ವ್ಯಾಪ್ತಿಯಲ್ಲಿಲ್ಲ. ಆದರೆ ಹೊಳೆಯ ಮೂಲದ ಊರುಗಳಲ್ಲಿ ನಾಲ್ಕೈದು ದಶಕಗಳ ಮಳೆಯ ವಹಿಗಳು ಇದ್ದಿದ್ದರೆ, ಎರಡು ಪಕ್ಷಗಳೂ ಒಂದೇ ಅಂಕಿಯನ್ನು ಮುಂದಿಟ್ಟುಕೊಂಡು ಜಗಳವಾಡಬಹುದಾಗಿತ್ತು.

ಜನರೇ ಲೆಕ್ಕವಿಡುವುದು ನಮ್ಮ ನಾಡಿನಲ್ಲಿ ಸಾಧ್ಯವೇ? ಕೊಡಗು ಮತ್ತು ಚಿಕ್ಕಮಗಳೂರಿನ ಕಾಫಿ ಬೆಳೆಗಾರರನ್ನು ನೋಡಿದರೆ ಸಂಶಯ ಉಳಿಯುವುದಿಲ್ಲ. ತೋಟದ ಅಂಗಳದಲ್ಲಿ ಮಾಪಕವಿಟ್ಟು, ದಿನವೂ ಬೆಳಗ್ಗೆ ಇಂಚು-ಸೆಂಟುಗಳ ಲೆಕ್ಕದಲ್ಲಿ ಮಳೆಯನ್ನು ಡೈರಿಯಲ್ಲಿ ಬರೆಯುವುದು ಅವರಲ್ಲಿ ತಲೆಮಾರುಗಳಿಂದ ಬಂದ ವಾಡಿಕೆ. ಇಬ್ಬರು ಬೆಳೆಗಾರರು ದಾರಿಯಲ್ಲಿ ಭೇಟಿಯಾದರೆ ಕ್ಷೇಮಸಮಾಚಾರಕ್ಕೆ ಮೊದಲು ಮಳೆಯ ಸೆಂಟು ವಿಚಾರಿಸುತ್ತಾರೆಂಬುದು ಹಾಸ್ಯದ ಮಾತಾದರೂ ಸುಳ್ಳಲ್ಲ. ಕಾವೇರಿಯ ತಲೆಯ ಮೇಲೆ ಇಷ್ಟು ಜನ ಸಾಕ್ಷಿಗಳಿದ್ದಾರೆ. ಕೇರಳದ ಮೀನಚಿಲ್ ಹೊಳೆಯ ದಡದಲ್ಲಿಯೂ, 2018ರ ಮಹಾಪ್ರವಾಹದ ತರುವಾಯ, ಶಾಲೆಯ ಮಕ್ಕಳು ಮತ್ತು ಗೃಹಸ್ಥರು ಮಳೆಯನ್ನೂ ಹೊಳೆಯ ಮಟ್ಟವನ್ನೂ ಅಳೆದು ಕೆಳಗಿನ ಊರಿನವರಿಗೆ ತಿಳಿಸುವ ಪರಿಪಾಠ ಬೆಳೆಯಿತು.

ಆದರೆ ನಮ್ಮ ಕೃಷ್ಣಾ ಕೊಳ್ಳದಲ್ಲಿಯೇ ನಡೆದ ಪ್ರಯೋಗ ಇನ್ನೂ ಬೋಧಪ್ರದವಾದುದು. 2003ರ ಸುಮಾರಿಗೆ ಅಂದಿನ ಆಂಧ್ರಪ್ರದೇಶದ ಏಳು ಬರಪೀಡಿತ ಜಿಲ್ಲೆಗಳಲ್ಲಿ, ನಮ್ಮ ರಾಯಚೂರಿಗೆ ಹೊಂದಿಕೊಂಡ ಮಹಬೂಬನಗರ ಮತ್ತು ತುಂಗಭದ್ರೆಯ ಆಚೆಯ ಕರ್ನೂಲು ಇವುಗಳಲ್ಲಿ ಸೇರಿದ್ದವು, ರೈತರೇ ಅಂತರ್ಜಲವನ್ನು ಅಳೆಯುವ ಯೋಜನೆ ಆರಂಭವಾಯಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ನೆರವು ನೀಡಿತು. ಆರುನೂರಕ್ಕಿಂತ ಹೆಚ್ಚು ಜನವಸತಿಗಳಲ್ಲಿ ಸ್ವಯಂಸೇವಕರಾದ ಗಂಡಸರೂ ಹೆಂಗಸರೂ ಮಳೆಯನ್ನು ದಿನವೂ ಅಳೆದರು. ಗೊತ್ತುಮಾಡಿದ ಬಾವಿಗಳಲ್ಲಿ ನಿಯತವಾಗಿ ಟೇಪು ಇಳಿಬಿಟ್ಟು ನೀರು ಎಷ್ಟು ಆಳದಲ್ಲಿದೆಯೆಂದು ನೋಡಿದರು. ಊರ ಗೋಡೆಯ ಫಲಕದ ಮೇಲೆ ಎಲ್ಲರಿಗೂ ಕಾಣುವಂತೆ ಬರೆದರು. ಊರಿನ ಎಲ್ಲೆಯನ್ನು ಬಿಟ್ಟು, ಒಂದು ಹಳ್ಳಕ್ಕೆ ನೀರು ಬಸಿಯುವ ಪ್ರದೇಶವನ್ನೇ ಒಂದು ಘಟಕವೆಂದು ಎಣಿಸಿದರು. ಹಿಂಗಾರಿನ ಬಿತ್ತನೆಗೆ ಮುಂಚೆ ಸಭೆ ಸೇರಿ, ಮಳೆಯಿಂದ ಬಂದದ್ದೆಷ್ಟು, ಬಾವಿಯಲ್ಲಿ ಉಳಿದದ್ದೆಷ್ಟು, ಬಯಸಿದ ಬೆಳೆಗಳಿಗೆ ಬೇಕಾದದ್ದೆಷ್ಟು ಎಂದು ಜಮಾಖರ್ಚು ಹಾಕಿದರು. ಯಾರಿಗೂ ಇಂಥದೇ ಬೆಳೆ ಬಿತ್ತೆಂದು ಆಜ್ಞೆಯಿಲ್ಲ. ಲೆಕ್ಕ ಗೋಡೆಯ ಮೇಲಿತ್ತು. ಅದನ್ನು ನೋಡಿ ಹಲವರು ಭತ್ತ ಬಿಟ್ಟು ಕಡಿಮೆ ನೀರಿನ ಬೆಳೆಗೆ ಒಲಿದರು. 2010ರಲ್ಲಿ ಪ್ರಕಟವಾದ ವಿಶ್ವಬ್ಯಾಂಕಿನ ಅಧ್ಯಯನವೊಂದು ಈ ಪ್ರಯತ್ನವನ್ನು ಮೆಚ್ಚಿ ಬರೆಯಿತು.

ಆದರೆ ಮುಂದಿನ ಕತೆಯನ್ನೂ ಹೇಳಬೇಕು. ಹಣದ ನೆರವು ನಿಂತ ಮೇಲೆ ಹಲವೆಡೆ ಅಳತೆಯೂ ಸೊರಗಿತೆಂದು, 2012ರ ಒಂದು ಮರುಪರಿಶೀಲನೆ ಅಷ್ಟೇನೂ ಉತ್ಸಾಹವಿಲ್ಲದ ಮಾತುಗಳನ್ನಾಡಿತು. ಕಾಫಿ ತೋಟದ ಡೈರಿ ತಲೆಮಾರುಗಳವರೆಗೆ ಬಾಳಿದ್ದು ಅದನ್ನು ಯಾವ ಯೋಜನೆಯೂ ಆರಂಭಿಸಿರಲಿಲ್ಲವಾದ್ದರಿಂದ ಎಂಬುದು ಈ ಲೇಖಕನ ಅಭಿಪ್ರಾಯ. 2019ರ ಡಿಸೆಂಬರ್ 25ರಂದು ಘೋಷಿತವಾದ ಅಟಲ್ ಭೂಜಲ ಯೋಜನೆಯಲ್ಲಿ ಕರ್ನಾಟಕವೂ ಸೇರಿ, ಗ್ರಾಮ ಪಂಚಾಯತಿಗಳೇ ನೀರಿನ ಆಯವ್ಯಯ ಸಿದ್ಧಪಡಿಸುವ ಕ್ರಮ ಬಂದಿತು. ಅದರ ಫಲವನ್ನೂ ಹಣದ ನೆರವು ನಿಂತ ಮೇಲೆಯೇ ಅಳೆಯಬೇಕು.

ಮೇಲು ಹೊಳೆಯವರೂ ಕೆಳಹೊಳೆಯವರೂ ಒಂದೆಡೆ ಕೂತ ಪ್ರಸಂಗವೂ ಒಂದಿದೆ. 2002ರಲ್ಲಿ ಕಾವೇರಿಯ ಮಳೆ ಕೈಕೊಟ್ಟು ಎರಡೂ ರಾಜ್ಯಗಳು ಕುದಿಯುತ್ತಿದ್ದಾಗ, ಮದರಾಸಿನ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ನೆರವಿನಿಂದ ಉಭಯ ರಾಜ್ಯಗಳ ರೈತರು 2003ರ ಏಪ್ರಿಲ್‌ನಲ್ಲಿ ಚೆನ್ನೈಯಲ್ಲಿ ಕೂಡಿದರು. ‘ಕಾವೇರಿ ಕುಟುಂಬ’ವೆಂದು ಹೆಸರಿಟ್ಟುಕೊಂಡರು. ಮಂಡ್ಯದವರು ತಂಜಾವೂರಿನ ಸೀಮೆಯ ಒಣಗಿದ ಗದ್ದೆಗಳನ್ನು ನೋಡಿ ಬಂದರು. ಅಲ್ಲಿಯವರು ಇಲ್ಲಿಯ ಜಲಾಶಯಗಳ ತಳವನ್ನು ನೋಡಿದರು. ಎದುರು ಪಕ್ಷದವನ ಸಂಕಟ ತನ್ನ ಕಣ್ಣಿಗೆ ಬಿದ್ದ ಮೇಲೆ ಮಾತಿನ ಧಾಟಿ ಬದಲಾಯಿತು. ಸಂಕಷ್ಟದ ವರ್ಷದಲ್ಲಿ ಹಂಚಿಕೊಳ್ಳುವ ಸೂತ್ರವೊಂದನ್ನು ಕುಟುಂಬ ಕೊನೆಗೂ ಜಾರಿಗೆ ತರಲಾಗಲಿಲ್ಲ. ಅಂತಿಮ ನಿರ್ಣಯ 2018ರಲ್ಲಿ ಸರ್ವೋಚ್ಚ ನ್ಯಾಯಾಲಯದಿಂದಲೇ ಬಂದಿತು.

ಕೃಷ್ಣೆಯ ತೀರದಲ್ಲಿ ಅಂತಹ ಕುಟುಂಬವೇನೂ ಕಟ್ಟಲ್ಪಡಲಿಲ್ಲ. ಆದರೆ ಚಿಕ್ಕೋಡಿ, ರಾಯಬಾಗ, ಅಥಣಿ ತಾಲೂಕುಗಳ ನದಿತೀರದ ಜನ ತಾವಾಗಿಯೇ ಒಂದು ವಿದ್ಯೆಯನ್ನು ಕಲಿತಿದ್ದಾರೆ. ಮಳೆಗಾಲ ಬಂದಿತೆಂದರೆ ಮಹಾರಾಷ್ಟ್ರದ ಕೊಯ್ನಾದಲ್ಲಿ ಮಳೆಯೆಷ್ಟು, ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್, ದೂಧಗಂಗೆ ಕೂಡಿದ ಮೇಲೆ ಕಲ್ಲೋಳದಲ್ಲಿ ಎಷ್ಟು ಎಂದು ದಿನವೂ ವಿಚಾರಿಸುತ್ತಾರೆ. ದನಕರುಗಳನ್ನು ಯಾವಾಗ ಮೇಲಕ್ಕೆ ಹೊಡೆಯಬೇಕೆಂಬುದನ್ನು ಆ ಅಂಕಿಯಿಂದ ನಿರ್ಧರಿಸುತ್ತಾರೆ. 2005, 2019, 2021ರ ಪ್ರವಾಹಗಳು ಈ ವಿದ್ಯೆಗೆ ಗುರುಗಳಾದವು. 2019ರ ನಂತರ, ಆಲಮಟ್ಟಿಯ ಹಿನ್ನೀರಿನಿಂದಲೇ ಸಾಂಗಲಿ, ಕೊಲ್ಲಾಪುರಗಳು ಮುಳುಗಿದವೆಂಬ ವಾದ ಆಚೆ ಕಡೆ ಎದ್ದಿತು. ಮಹಾರಾಷ್ಟ್ರ ಸರಕಾರವೇ ನೇಮಿಸಿದ ವಡನೇರೆ ಸಮಿತಿ 2020ರಲ್ಲಿ ಆಲಮಟ್ಟಿಯನ್ನು ದೋಷಮುಕ್ತಗೊಳಿಸಿತು. ವಾದ ಅಷ್ಟಕ್ಕೇ ಮುಗಿಯಲಿಲ್ಲ. ಸರಕಾರಿ ಅಂಕಿಯನ್ನು ನಂಬದ ಕಡೆ ಸರಕಾರಿ ಸಮಿತಿಯನ್ನೂ ಜನ ನಂಬುವುದು ಕಷ್ಟ.

ಈಗ ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತಿಗೊಂದರಂತೆ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ನಿಲ್ಲಿಸಿದೆ. ಹದಿನೈದು ನಿಮಿಷಕ್ಕೊಮ್ಮೆ ಅವು ಬೆಂಗಳೂರಿಗೆ ಸುದ್ದಿ ಮುಟ್ಟಿಸುತ್ತವೆ. ದೂರವಾಣಿಯಿಂದ ರೈತನಿಗೆ ಉತ್ತರವೂ ದೊರೆಯುತ್ತದೆ. ತಾಲೂಕಿಗೊಂದು ಮಾಪಕವಿದ್ದ ಕಾಲಕ್ಕೆ ಹೋಲಿಸಿದರೆ ಇದು ಬಹು ದೊಡ್ಡ ಮುನ್ನಡೆಯೆಂಬುದರಲ್ಲಿ ಸಂದೇಹವಿಲ್ಲ. ಹೀಗಿರುವಾಗ ಊರಿನವರು ಬೇರೆ ಲೆಕ್ಕ ಇಡಬೇಕೇಕೆ? ಯಂತ್ರದ ಬಾಯಿಗೆ ಎಲೆ ಬಿದ್ದು ಕಟ್ಟಿಕೊಂಡ ದಿನ ಅದು ಮಳೆಯಿಲ್ಲವೆಂದೇ ಹೇಳುತ್ತದೆ. ಪಕ್ಕದ ಹಿತ್ತಲಿನ ವಹಿ ಅದನ್ನು ತಿದ್ದಬಲ್ಲುದು. ಬಾವಿಯ ಆಳ, ಹಳ್ಳ ಬತ್ತಿದ ತಾರೀಖು, ನಗರದ ಕೊಳೆನೀರು ಹೊಲಕ್ಕೆ ನುಗ್ಗಿದ ದಿನ, ಇವುಗಳನ್ನು ಅಳೆಯುವ ಯಂತ್ರ ಯಾವ ಪಂಚಾಯತಿಯ ಮಾಳಿಗೆಯ ಮೇಲೂ ಇಲ್ಲ. ಬಳ್ಳಾರಿ ನಾಲಾ ಉಕ್ಕಿ ಬೆಳೆ ಹೋಯಿತೆಂದು ಪ್ರತಿ ಮಳೆಗಾಲ ಅರ್ಜಿ ಬರೆಯುವ ರೈತನ ಕೈಯಲ್ಲಿ ಯಾವ ದಿನ, ಎಷ್ಟು ಮಳೆಗೆ, ನೀರು ಯಾವ ಬದುವಿನವರೆಗೆ ಬಂದಿತೆಂಬ ಹತ್ತು ವರ್ಷದ ಬರವಣಿಗೆಯಿದ್ದರೆ, ಅರ್ಜಿಯ ತೂಕವೇ ಬೇರೆಯಾಗುತ್ತದೆ.

ಇದಕ್ಕೆ ಬೇಕಾದ ಸಾಮಗ್ರಿ ಅಲ್ಪ, ಶಿಸ್ತು ಹೆಚ್ಚು. ಮಾಪಕವನ್ನು ಮರ, ಗೋಡೆಗಳಿಂದ ಅವುಗಳ ಎತ್ತರದ ಇಮ್ಮಡಿಯಷ್ಟಾದರೂ ದೂರದ ಬಯಲಿನಲ್ಲಿ ನಿಲ್ಲಿಸಬೇಕು. ಬೆಳಗ್ಗೆ ಎಂಟೂವರೆಗೆ, ದಿನವೂ ಅದೇ ಹೊತ್ತಿಗೆ, ನೋಡಬೇಕು. ಮಳೆ ಬಾರದ ದಿನ ಸೊನ್ನೆಯನ್ನು ಬರೆಯಲೇಬೇಕು. ಬರೆಯದೆ ಬಿಟ್ಟ ಜಾಗ ಮಳೆಯಿಲ್ಲದ ದಿನವೋ ವೀಕ್ಷಕ ಬೀಗರ ಊರಿಗೆ ಹೋದ ದಿನವೋ ಎಂದು ಮುಂದೆ ಯಾರಿಗೂ ತಿಳಿಯದು. ಒಂದು ಮಿಲಿಮೀಟರು ಮಳೆಯೆಂದರೆ ಒಂದು ಎಕರೆಯ ಮೇಲೆ ಸುಮಾರು 4,047 ಲೀಟರು ನೀರು. ಈ ಒಂದು ಗುಣಾಕಾರ ಬಂದರೆ ಶಾಲೆಯ ಹುಡುಗನೂ ತನ್ನ ಹೊಲದ ಜಮೆ ಹೇಳಬಲ್ಲ. ಸೈಮನ್ಸನ ವೀಕ್ಷಕರಂತಹ ಜನ ನಮ್ಮಲ್ಲಿ ಯಾರಿದ್ದಾರೆಂದು ಯೋಚಿಸಿದಾಗ, ಮಠದ ಪ್ರಸಾದನಿಲಯಗಳಲ್ಲಿ ಓದಿ ಊರಿಗೆ ಮರಳಿ ಶಿಕ್ಷಕರಾಗಿ, ಅಂಚೆಯವರಾಗಿ, ಸೊಸಾಯಿಟಿಯ ಕಾರ್ಯದರ್ಶಿಗಳಾಗಿ ನೆಲೆನಿಂತವರೇ ಕಣ್ಣೆದುರಿಗೆ ಬರುತ್ತಾರೆ. ಅವರು ಕಣಕುಂಬಿಯ ದಾರಿಯಲ್ಲಿಯೂ ಇದ್ದಾರೆ, ಸಾಂಬ್ರಾದಲ್ಲಿಯೂ ಇದ್ದಾರೆ, ಸಂಗಮದ ಸುತ್ತಲೂ ಇದ್ದಾರೆ.

ಒಂದು ಸ್ಥಳದ ಸರಾಸರಿ ಮಳೆಯನ್ನು ನಿರ್ಣಯಿಸಲು 30 ವರ್ಷಗಳ ಲೆಕ್ಕ ಬೇಕೆಂಬುದು ಹವಾಮಾನ ಶಾಸ್ತ್ರಜ್ಞರು ಒಪ್ಪಿದ ಕ್ರಮ. ಕೃಷ್ಣೆಯ ಎರಡನೆಯ ನ್ಯಾಯಮಂಡಲಿಯು ತನ್ನ ಹಂಚಿಕೆಯನ್ನು 2050ರ ಮೇ 31ರ ನಂತರ ಮರುಪರಿಶೀಲಿಸಬಹುದೆಂದು ಹೇಳಿದೆ. ಆ ದಿನ ಮತ್ತೊಮ್ಮೆ ಹೊಳೆಯಲ್ಲಿ ನೀರೆಷ್ಟು ಎಂಬ ಪ್ರಶ್ನೆಯಿಂದಲೇ ವಿಚಾರಣೆ ಮೊದಲಾಗುತ್ತದೆ. ಅಂದು ಮುಂದಿಡಬೇಕಾದ ವಹಿಯ ಮೊದಲ ಪುಟಗಳು ಈ ಹತ್ತು ವರ್ಷಗಳ ಮಳೆಗಾಲದವು.